ಹೊನ್ನಾರಿಗೆ ಮುನ್ನ: ಮಣ್ಣು ಅಗೆಯುವುದು ಪಾಪವೇ?

ಹೊನ್ನಾರು ಎಂದರೆ ಹೊಸ ವರ್ಷದ ಮೊದಲ ಉಳುಮೆ. ಯುಗಾದಿಯ ಹೊತ್ತಿಗೆ ಮಂಡ್ಯ ಸೀಮೆಯ ಊರುಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡುತ್ತಾರೆ. ಯಾರು ಮೊದಲು ಹೂಡಬೇಕೆಂದು ಪಂಚಾಂಗ ನೋಡಿ ಗೊತ್ತುಮಾಡುತ್ತಾರೆ. ಅವರು ಮೊದಲ ಸಾಲು ಹೊಡೆದ ಮೇಲೆ ಉಳಿದವರು ಹಿಂದೆ ಹೂಡುತ್ತಾರೆ. ನೆಲಕ್ಕೆ ಕಬ್ಬಿಣ ತಾಗಿಸುವ ಮೊದಲು ನೆಲಕ್ಕೇ ಕೈಮುಗಿಯುವ ಈ ಪದ್ಧತಿಯ ಒಳಗೆ ಒಂದು ಹಳೆಯ ಧರ್ಮಪ್ರಶ್ನೆ ಅಡಗಿದೆ. ಮಣ್ಣು ಅಗೆಯುವುದು, ರೆಂಬೆ ಸವರುವುದು, ಕಳೆ ಕೀಳುವುದು ಹಿಂಸೆಯೇ? ಹೌದಾದರೆ, ಉಂಡು ಬದುಕಬೇಕಾದ ಮನುಷ್ಯನಿಗೆ ಅದರಿಂದ ಬಿಡುಗಡೆ ಹೇಗೆ?

ಪ್ರಶ್ನೆ ಹುಟ್ಟುವುದು ಕೆಲಸದ ನಡುವೆ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವಾಗ ಮದ್ದೂರಿಗಿಂತ ಮೊದಲು ಸಿಗುವ ಸೋಮನಹಳ್ಳಿಯಂಥ ಊರಿನಲ್ಲಿ ವಸಂತದ ಆರಂಭವು ಚಳಿ ದೇಶಗಳ ವಸಂತದಂತಲ್ಲ. ಯುರೋಪಿನಲ್ಲಿ ಅದು ಹೆಪ್ಪುಗಟ್ಟಿದ ನೆಲ ಸಡಿಲಾಗುವ ಕಾಲ. ಇಲ್ಲಿ ನೆಲದ ಪಸೆ ಆರಿ ಮಣ್ಣು ಗಟ್ಟಿಯಾಗುವ ಕಾಲ. ಫಾಲ್ಗುಣ ಮುಗಿಯುವ ಹೊತ್ತಿಗೆ ಹೊಂಗೆ ಚಿಗುರುತ್ತದೆ, ಬೇವು ಹೂವಿಗೆ ಬರುತ್ತದೆ, ಮಾವಿನ ಹೂ ಉದುರಿ ಬಟಾಣಿ ಗಾತ್ರದ ಕಾಯಿ ಕಚ್ಚಿರುತ್ತದೆ. ಹೀಗಾಗಿ ಇಲ್ಲಿಯ ತೋಟಗೆಲಸಕ್ಕೆ ಎರಡೇ ಗುರಿ: ಇರುವ ತೇವ ಉಳಿಸುವುದು, ಬರುವ ಮಳೆಗೆ ನೆಲ ಅಣಿಮಾಡುವುದು.

ಮಾಗಿ ಉಳುಮೆ ಆಗದ ಹೊಲವನ್ನು ಒಮ್ಮೆ ಉತ್ತು ಬಿಸಿಲಿಗೆ ಬಿಡುತ್ತಾರೆ. ಮಣ್ಣಿನೊಳಗಿದ್ದ ಹುಳುವಿನ ಮೊಟ್ಟೆ, ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಇಲ್ಲವೇ ಕೊಕ್ಕರೆ, ಮೈನಾಗಳ ಪಾಲಾಗುತ್ತವೆ. ನೀರಿಳಿದ ಕೆರೆಯಿಂದ ಗೋಡು ತಂದು ಹೊಲಕ್ಕೆ ಹರಡುತ್ತಾರೆ. ತಿಪ್ಪೆ ಬಗೆದು ಕಳಿತ ಗೊಬ್ಬರವನ್ನು ಮಂಕರಿಯಲ್ಲಿ ಹೊರುತ್ತಾರೆ. ತೆಂಗಿನ ಬುಡದ ಸುತ್ತ ಸುಮಾರು ಆರು ಅಡಿ ದೂರದವರೆಗೆ ಪಾತಿ ಬಿಡಿಸುತ್ತಾರೆ. ನೀರು, ಗೊಬ್ಬರ ಹೀರುವ ಬೇರು ಬಹುಪಾಲು ಆ ವರ್ತುಲದೊಳಗೇ ಇರುವುದರಿಂದ ಗುದ್ದಲಿಯನ್ನು ಆಳಕ್ಕೆ ಹಾಕುವುದಿಲ್ಲ. ಬೆಳೆದ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಎಂಬುದು ವಾಡಿಕೆಯ ಶಿಫಾರಸು. ಅದರ ಮೇಲೆ ತರಗೆಲೆ, ಒಣಗರಿ ಮುಚ್ಚುತ್ತಾರೆ. ಹಿತ್ತಲಲ್ಲಿ ಸೋರೆ, ಹೀರೆ, ಪಡವಲದ ಬಳ್ಳಿಗೆ ಚಪ್ಪರ ಕಟ್ಟುತ್ತಾರೆ. ಒಣಗಿದ, ರೋಗ ಹತ್ತಿದ ರೆಂಬೆಗಳನ್ನು ಸವರುತ್ತಾರೆ.

ಈ ಕೆಲಸಗಳಲ್ಲಿ ಸಾವಿಲ್ಲದ ಒಂದೂ ಇಲ್ಲ. ತೇವವಿರುವ ಪಾತಿಗೆ ಗುದ್ದಲಿ ಬಿದ್ದಾಗ ಎರೆಹುಳು ನಡುವೆ ತುಂಡಾಗಿ ಎರಡೂ ಕಡೆ ಮಿಡುಕುತ್ತದೆ. ಎರಡು ತುಂಡೂ ಬದುಕಿ ಎರಡು ಹುಳುವಾಗುತ್ತವೆ ಎಂಬ ನಂಬಿಕೆ ನಿಜವಲ್ಲ; ಹೆಚ್ಚೆಂದರೆ ತಲೆಯ ಕಡೆಯ ತುಂಡು ಉಳಿದೀತು. ಮಣ್ಣನ್ನು ಸಡಿಲ ಮಾಡುವ ಜೀವಿಯೇ ಮಣ್ಣು ಸಡಿಲ ಮಾಡುವ ಕೆಲಸಕ್ಕೆ ಬಲಿಯಾಗುತ್ತದೆ.

ಧರ್ಮಶಾಸ್ತ್ರಗಳು ಇದನ್ನು ಮುಚ್ಚಿಡಲಿಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಕೃಷಿಯನ್ನು ಕೆಲವರು ಒಳ್ಳೆಯದೆನ್ನುತ್ತಾರೆಂದು ಒಪ್ಪುತ್ತಲೇ, ಕಬ್ಬಿಣದ ಮೊನೆಯ ಮರವು ನೆಲವನ್ನೂ ನೆಲದೊಳಗಿನ ಜೀವಿಗಳನ್ನೂ ಕೊಲ್ಲುತ್ತದೆಂದು ಅದನ್ನು ನಿಂದಿಸುತ್ತದೆ. ಅದೇ ಗ್ರಂಥದ ಮೊದಲ ಅಧ್ಯಾಯದ ಪ್ರಕಾರ ಗಿಡಮರಗಳಿಗೆ ಒಳಗೇ ಅರಿವಿದೆ, ಸುಖದುಃಖವಿದೆ. ಹಾಗಿದ್ದರೆ ರೆಂಬೆ ಸವರುವ ಮಚ್ಚಿಗೂ ಲೆಕ್ಕ ಕೊಡಬೇಕಾಗುತ್ತದೆ. ಆದರೆ ಮನುವೇ ಗೃಹಸ್ಥನ ಮನೆಯ ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದನ್ನೂ ಕೊಲೆಯ ತಾಣಗಳೆಂದು ಎಣಿಸುತ್ತಾನೆ. ಆ ಮಾತಿನ ಮುಂದೆ ಉಳುವವನೊಬ್ಬನನ್ನೇ ಅಪರಾಧಿಯೆಂದು ನಿಲ್ಲಿಸಲಾಗದು. ಅವನು ಬೆಳೆದದ್ದನ್ನು ಬೀಸಿ, ಕುಟ್ಟಿ, ಬೇಯಿಸಿ ಉಣ್ಣುವ ಮನೆಗಳಿಗೆಲ್ಲ ಅದರಲ್ಲಿ ಪಾಲಿದೆ.

ಪರಾಶರಸ್ಮೃತಿ ಇನ್ನೂ ನೇರವಾಗಿದೆ. ಬೆಸ್ತ ವರ್ಷವೆಲ್ಲ ಗಳಿಸುವ ಪಾಪವನ್ನು ಉಳುವವನು ಒಂದೇ ದಿನದಲ್ಲಿ ಗಳಿಸುತ್ತಾನೆಂದು ಹೇಳಿ, ಅಲ್ಲಿಯೇ ದಾರಿಯನ್ನೂ ತೋರಿಸುತ್ತದೆ. ನೇಗಿಲಿಗೆ ಎಂಟು ಎತ್ತಿದ್ದರೆ ಧರ್ಮ, ಆರಿದ್ದರೆ ಜೀವನೋಪಾಯ, ನಾಲ್ಕಿದ್ದರೆ ಕ್ರೌರ್ಯ, ಎರಡೇ ಇದ್ದರೆ ಕೊಲೆ. ಎಂಟೂ ಎತ್ತನ್ನು ಒಟ್ಟಿಗೆ ಹೂಡಬೇಕೆಂದು ಇದರ ಅರ್ಥವಲ್ಲ. ಸರದಿಯಲ್ಲಿ ಹೂಡಿ ದಣಿವಾರಿಸಬೇಕೆಂಬುದು ತಾತ್ಪರ್ಯ. ಬೆಳೆ ಬಂದಾಗ ಆರರಲ್ಲೊಂದು ಪಾಲು ರಾಜನಿಗೆ, ಇಪ್ಪತ್ತೊಂದರಲ್ಲೊಂದು ದೇವರಿಗೆ, ಮೂವತ್ತರಲ್ಲೊಂದು ಬ್ರಾಹ್ಮಣರಿಗೆ ಕೊಟ್ಟರೆ ಉಳುವವನು ಪಾಪಮುಕ್ತ. ಪಾಲು ಪಡೆಯುವವರೇ ಬರೆದ ನಿಯಮ ಇದು ಎಂಬ ಆಕ್ಷೇಪಕ್ಕೆ ಬಲವಿದೆ. ಆದರೂ ಅದರ ಹಿಂದಿನ ತತ್ತ್ವವನ್ನು ತಳ್ಳಿಹಾಕಲಾಗದು: ನೋವು ಕೊಟ್ಟು ಪಡೆದದ್ದನ್ನು ಒಬ್ಬನೇ ಉಣ್ಣಬಾರದು.

ಹಿಂಸೆಯನ್ನು ಅತಿ ಸೂಕ್ಷ್ಮವಾಗಿ ತೂಗಿದವರು ಜೈನರು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಗಂಗರ ಕಾಲದ ಜೈನ ಅವಶೇಷಗಳಿದ್ದು, ಅಲ್ಲಿಯ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವಿದೆ. ಈ ನೆಲಕ್ಕೆ ಆ ವಿಚಾರ ಹೊರಗಿನದಲ್ಲ. ಜೈನ ದರ್ಶನದಲ್ಲಿ ಮಣ್ಣೇ ಪೃಥ್ವೀಕಾಯದ ಜೀವಗಳ ಮೈ. ಮುನಿಗೆ ನೆಲ ಅಗೆಯುವುದೂ ಹಸಿರು ಕೀಳುವುದೂ ನಿಷಿದ್ಧ. ಮಳೆಗಾಲದಲ್ಲಿ ನೆಲದ ತುಂಬ ಜೀವಗಳು ಮೊಳೆಯುವುದರಿಂದ ಅವನು ಊರೂರು ಅಲೆಯದೆ ಒಂದೆಡೆ ನಿಲ್ಲುತ್ತಾನೆ. ಶ್ರಾವಕನ ಮಟ್ಟಿಗೆ ಮಾತ್ರ ಹಿಂಸೆಯನ್ನು ನಾಲ್ಕಾಗಿ ಬಿಡಿಸುತ್ತಾರೆ: ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ, ಮನೆಗೆಲಸದ ಆರಂಭೀ ಹಿಂಸೆ, ಕಸುಬಿನ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ. ಮೊದಲನೆಯದನ್ನು ಅವನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಕೆಲವು ಶ್ರಾವಕಾಚಾರ ಗ್ರಂಥಗಳು ನೆಲ ಅಗೆಯುವ ಕಸುಬನ್ನೇ ಬೇಡವೆಂದರೂ, ಜನಕ್ಕೆ ಕೃಷಿಯನ್ನು ಕಲಿಸಿದವನು ಮೊದಲ ತೀರ್ಥಂಕರ ವೃಷಭನೇ ಎಂದು ಪುರಾಣ ಹೇಳುತ್ತದೆ. ಪಂಪ 941ರಲ್ಲಿ ಆದಿಪುರಾಣದಲ್ಲಿ ಕನ್ನಡಕ್ಕೆ ತಂದದ್ದು ಈ ವೃಷಭನ ಚರಿತೆಯನ್ನೇ. ಅಹಿಂಸೆಯ ಆದಿಗುರುವೇ ನೇಗಿಲಿನ ಗುರುವೂ ಆದದ್ದು ವಿರೋಧಾಭಾಸದಂತೆ ಕಂಡರೂ, ಹಸಿದ ಜನಕ್ಕೆ ಅನ್ನದ ದಾರಿ ತೋರದ ಅಹಿಂಸೆ ಅರೆಬರೆಯೆಂಬ ತಿಳಿವು ಅದರಲ್ಲಿದೆ.

ಅಥರ್ವವೇದದ ಪೃಥಿವೀಸೂಕ್ತ ಈ ಪ್ರಶ್ನೆಯನ್ನು ಭೂಮಿಗೇ ಮುಖ ಮಾಡಿ ಆಡುತ್ತದೆ. ಹನ್ನೆರಡನೆಯ ಕಾಂಡದ ಆರಂಭದಲ್ಲಿರುವ, 63 ಮಂತ್ರಗಳ ಆ ಸೂಕ್ತದಲ್ಲಿ ನೆಲ ಅಗೆಯುವವನು ಭೂಮಿಯನ್ನು ಎರಡು ಕೇಳಿಕೊಳ್ಳುತ್ತಾನೆ: ಅಗೆದ ಜಾಗ ಬೇಗ ಕೂಡಿಕೊಳ್ಳಲಿ, ತನ್ನ ಪೆಟ್ಟು ಅವಳ ಮರ್ಮಕ್ಕೆ ತಗುಲದಿರಲಿ. ಅಗೆಯುವುದೇ ಇಲ್ಲವೆಂಬ ಮಾತು ಅಲ್ಲಿಲ್ಲ. ಗಾಯ ಆಗಿಯೇ ಆಗುತ್ತದೆಂದು ಒಪ್ಪಿ, ಅದು ಮಾಯುವಷ್ಟೇ ಇರಲಿ ಎಂಬ ಅಳತೆಯನ್ನು ಹಾಕಿಕೊಂಡಿದೆ. ತೋಟಗಾರಿಕೆಯ ಹಳೆಯ ಪುಸ್ತಕಗಳಲ್ಲೂ ಇದೇ ಮನೋಧರ್ಮವಿದೆ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದಲ್ಲಿ ನೆಡುವವನು ಮಿಂದು ಮಡಿಯಾಗಿ ಗಿಡವನ್ನು ಪೂಜಿಸಿ ನೆಡಬೇಕೆಂದಿದೆ. ಕನ್ನಡದಲ್ಲಿ ಸುಮಾರು 1025ರ ಚಾವುಂಡರಾಯನ ಲೋಕೋಪಕಾರವೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಹೊತ್ತು ಮುಳುಗಿದ ಮೇಲೆ ಹೂವಿಗೆ ಕೈ ಹಾಕಿದ ಮಗುವನ್ನು ಅಜ್ಜಿ ‘ಗಿಡ ಮಲಗೈತೆ, ಮುಟ್ಟಬ್ಯಾಡ’ ಎಂದು ತಡೆಯುವುದು ಈ ಶಾಸ್ತ್ರವನ್ನು ಓದಿ ಅಲ್ಲ. ಆದರೂ ಎರಡೂ ಒಂದೇ ಅರಿವಿನ ಮಾತು.

ಹನ್ನೆರಡನೆಯ ಶತಮಾನದ ಶರಣರು ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಯಾವ ಕಸುಬೂ ಕೀಳಲ್ಲ. ಸತ್ಯಶುದ್ಧವಾಗಿ ಮಾಡಿದರೆ ಅದೇ ಕಾಯಕ, ಬಂದದ್ದನ್ನು ಹಂಚಿದರೆ ಅದೇ ದಾಸೋಹ. ಉಳುವವನನ್ನು ದೂರದಿಂದ ಅಳೆಯುತ್ತಿದ್ದ ಶಾಸ್ತ್ರದ ಜಾಗದಲ್ಲಿ ಉಳುವವನೇ ವಚನಕಾರನಾಗಿ ಮಾತಾಡಿದ; ಒಕ್ಕಲಿಗ ಮುದ್ದಣ್ಣ ಅಂಥವನು. ಪರಾಶರನಲ್ಲಿ ಪಾಪಪರಿಹಾರದ ತೆರಿಗೆಯಂತಿದ್ದ ಪಾಲು ಇಲ್ಲಿ ದುಡಿಮೆಯ ಸಹಜ ಕೊನೆಯಾಯಿತು.

ತೋಟದ ಕೆಲಸವನ್ನು ಸೇವೆಯೆಂದು ಮಾಡಿದರೆ ದೋಷ ತಾನಾಗಿ ಹೋಗುತ್ತದೆಯೇ? ಇದಕ್ಕೆ ಎಚ್ಚರಿಕೆಯಂಥ ಕಥೆಯೊಂದು ಮಂಡ್ಯ ಸೀಮೆಯ ಭಕ್ತನದ್ದೇ ಇದೆ. ಶ್ರೀರಂಗಪಟ್ಟಣದ ಬಳಿಯ ಕಿರಂಗೂರಿನವರೆಂದು ಸಂಪ್ರದಾಯ ಹೇಳುವ ಅನಂತಾಳ್ವಾನರು ರಾಮಾನುಜರ ಮಾತಿನಂತೆ ತಿರುಮಲೆಗೆ ಹೋಗಿ ಹೂದೋಟ ಮಾಡಿದರು. ಅದಕ್ಕೆ ನೀರಿನ ಕೊಳ ತೋಡುವಾಗ ಅವರು ಅಗೆದ ಮಣ್ಣನ್ನು ತುಂಬು ಬಸುರಿ ಹೆಂಡತಿ ಹೊರುತ್ತಿದ್ದಳು. ಹುಡುಗನೊಬ್ಬ ಬಂದು ಅವಳ ಬುಟ್ಟಿಗೆ ಕೈಕೊಟ್ಟ. ಸೇವೆ ತಮ್ಮದೇ ಆಗಿರಬೇಕೆಂದಿದ್ದ ಆಳ್ವಾನರು ಸಿಟ್ಟಿಗೆದ್ದು ಹಾರೆ ಬೀಸಿದರು. ಅದು ಹುಡುಗನ ಗಲ್ಲಕ್ಕೆ ತಾಗಿತು. ಗುಡಿಗೆ ಹೋಗಿ ನೋಡಿದರೆ ವೆಂಕಟೇಶನ ಗಲ್ಲದಲ್ಲಿ ರಕ್ತ. ಮೂರ್ತಿಯ ಗಲ್ಲಕ್ಕೆ ಪಚ್ಚಕರ್ಪೂರ ಹಚ್ಚುವುದು ಆ ನೆನಪಿಗೆ. ಆ ಹಾರೆಯೆಂದೇ ತಿರುಮಲೆಯ ಮಹಾದ್ವಾರದಲ್ಲಿ ಇಂದಿಗೂ ಒಂದನ್ನು ತೋರಿಸುತ್ತಾರೆ. ಕಥೆಯಲ್ಲಿ ದೇವರಿಗೆ ನೋವಾದದ್ದು ಹಾರೆ ನೆಲಕ್ಕೆ ಬಿದ್ದಾಗ ಅಲ್ಲ, ‘ಇದು ನನ್ನದು’ ಎಂಬ ಹಟ ಹಾರೆಯನ್ನು ಎತ್ತಿದಾಗ. ಫಲದ ಮೇಲಿನ ಒಡೆತನ ಬಿಡೆಂಬ ಗೀತೆಯ ಮಾತು ಪುಣ್ಯಫಲಕ್ಕೂ ಸಲ್ಲುತ್ತದೆ.

ಇಷ್ಟು ಮತಗಳ ಮಾತನ್ನು ಒಟ್ಟಿಗಿಟ್ಟು ನೋಡಿದರೆ, ನೋವಿಲ್ಲದ ಕೃಷಿ ಉಂಟೆಂದು ಯಾವುದೂ ಹೇಳುವುದಿಲ್ಲ. ಅಗತ್ಯಕ್ಕೆ ಮೀರಿ ಕೊಲ್ಲಬಾರದು, ಆದ ಗಾಯವನ್ನು ತೆರೆದು ಬಿಡಬಾರದು, ಬಂದದ್ದನ್ನು ಹಂಚದೆ ಉಣ್ಣಬಾರದು ಎಂಬಲ್ಲಿ ಅವು ಕೂಡುತ್ತವೆ. ಈ ಅಳತೆಗೋಲಿನಿಂದ ಇಂದಿನ ಕೆಲಸಗಳನ್ನೂ ತೂಗಬಹುದು. ಹೊನ್ನಾರಿನ ದಿನ ಎತ್ತಿನ ಬದಲು ಟ್ರ್ಯಾಕ್ಟರಿಗೆ ಹೂವಿನ ಹಾರ ಬಿದ್ದರೆ ಪದ್ಧತಿ ಕೆಡುವುದಿಲ್ಲ. ಎತ್ತಿನ ದಣಿವೂ ತಪ್ಪುತ್ತದೆ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಬಿಡುವ ಮುನ್ನ ತರಗಿಗೆ ಬೆಂಕಿ ಇಡುವುದು ಮಾತ್ರ ಈ ಪರೀಕ್ಷೆಯಲ್ಲಿ ನಿಲ್ಲದು. ಆ ಬೆಂಕಿ ಮೇಲ್ಮಣ್ಣಿನ ಜೀವಗಳನ್ನು ಸುಡುತ್ತದೆ. ಅದೇ ತರಗನ್ನು ಸಾಲುಗಳ ನಡುವೆ ಹರಡಿದ್ದರೆ ತೇವ ಉಳಿದು ಗೊಬ್ಬರವೂ ಆಗುತ್ತಿತ್ತು. ಹೂ ಬಿಟ್ಟ ಮಾವಿಗೆ ಜೇನು ಹಾರುವ ಹೊತ್ತಿನಲ್ಲಿ ಔಷಧಿ ಹೊಡೆಯುವುದೂ ಹಾಗೆಯೇ. ಅದರಿಂದ ಸಾಯುವುದು ಕಾಯಿ ಕಚ್ಚಿಸಿಕೊಡುವ ಹುಳುವೇ.

ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ ಹುಟ್ಟುತ್ತದೆ, ಅದರ ಬೆನ್ನಿಗೆ ಭರಣಿ. ಅಷ್ಟರೊಳಗೆ ಅಗೆದ ಪಾತಿಗೆ ಗೊಬ್ಬರ ಬಿದ್ದು, ಮೇಲೆ ತರಗೆಲೆ ಮುಚ್ಚಿರಬೇಕು.