ಗೋಪ್ಯವೂ ಸತ್ಯವೂ

ತನ್ನ ದೇಹಸ್ಥಿತಿಯನ್ನು ತಾನೊಬ್ಬನೇ ಮರೆಯಲ್ಲಿ ತಿಳಿದುಕೊಳ್ಳುವುದು ಧರ್ಮವೋ, ಅಧರ್ಮವೋ? ಎಚ್‌ಐವಿ ಸೋಂಕನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಅನುಮೋದಿಸಿತು. ಅಂತರ್ಜಾಲದಲ್ಲಿ ಕೋರಿದವರ ಮನೆಗೆ ಆ ಸಾಧನವನ್ನು ಮುಟ್ಟಿಸುವ ಏರ್ಪಾಡುಗಳು ನಮ್ಮ ದೇಶದಲ್ಲಿಯೂ ಪ್ರಯೋಗಕ್ಕೆ ಬಂದಿವೆ. ಒಸಡಿನ ದ್ರವವಾಗಲಿ ಬೆರಳಿನ ಒಂದು ಹನಿ ರಕ್ತವಾಗಲಿ ಸಾಕು. ಸುಮಾರು ಒಂದು ಗಳಿಗೆಯೊಳಗೆ ಫಲವು ತಿಳಿಯುವುದು.

ಮರೆಮಾಚುವುದರಲ್ಲಿ ದೋಷವಿದ್ದೇ ಇರಬೇಕು, ನಿರ್ದೋಷಿಯು ಮಡಿಕೇರಿಯ ಆಸ್ಪತ್ರೆಗೆ ಹಾಡುಹಗಲಿನಲ್ಲಿಯೇ ಹೋಗಲಿ ಎಂಬುದು ಪೂರ್ವಪಕ್ಷವು. ಇದು ಕೊಡಗನ್ನು ಅರಿಯದವರ ಮಾತು. ಇಲ್ಲಿ ಹೊಸಬನನ್ನು ಕಂಡೊಡನೆ ‘ಯಾವ ಒಕ್ಕದವರು?’ ಎಂದು ಕೇಳುವ ವಾಡಿಕೆಯುಂಟು; ಒಬ್ಬನ ಹೆಸರಿನೊಡನೆ ಇಡೀ ಐನ್‌ಮನೆಯ ಮಾನವು ನಡೆಯುತ್ತದೆ. ಪರೀಕ್ಷಾಕೇಂದ್ರದ ಬಾಗಿಲಲ್ಲಿ ನೆಂಟನೊಬ್ಬನು ಕಂಡನೆಂದರೆ, ಫಲವು ಬರುವ ಮುನ್ನವೇ ತೀರ್ಪು ಊರನ್ನು ಸುತ್ತಿರುತ್ತದೆ. ಕಾಫಿತೋಟದ ಲೈನ್‌ಮನೆಯ ಕೂಲಿಯವನಿಗಾದರೋ ಅಂದಿನ ಕೂಲಿಯೂ ಹೋಯಿತು.

ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆಯನ್ನು ಹೇಳುತ್ತಾನೆ. ಕಾಡಿನಲ್ಲಿ ಅಡಗಿದ್ದವರ ಜಾಡನ್ನು ದಸ್ಯುಗಳಿಗೆ ಇದ್ದಂತೆ ತಿಳಿಸಿದ ಆ ಸತ್ಯವ್ರತಿಯು ನರಕವನ್ನೇ ಸೇರಿದನು. ಕೇಡೆಣಿಸುವವರಿಗೆ ತಿಳಿಸದಿರುವುದು ಸುಳ್ಳಲ್ಲವೆಂಬುದು ಇದರ ತಾತ್ಪರ್ಯವು. ನಮ್ಮ ದೇಶದ 2017ರ ಎಚ್‌ಐವಿ ಕಾಯಿದೆಯು ಸಮ್ಮತಿಯಿಲ್ಲದ ಪರೀಕ್ಷೆಯನ್ನು ನಿಷೇಧಿಸಿ, ಫಲವನ್ನು ಗೋಪ್ಯವಾಗಿಡಬೇಕೆಂದು ವಿಧಿಸಿರುವುದೂ ಈ ನ್ಯಾಯಕ್ಕೆ ಅನುಗುಣವಾಗಿಯೇ ಇದೆ. ಆದುದರಿಂದ ಮದುವೆಯ ಮಾತುಕತೆಯಲ್ಲಿ ಈ ಸಾಧನವನ್ನು ಮಕ್ಕಳ ಕೈಗೆ ಬಲವಂತದಿಂದ ಕೊಡುವ ಹಿರಿಯರು ಅದರ ಧರ್ಮವನ್ನೇ ಕೆಡಿಸಿದಂತಾಯಿತು.

ಆದರೆ ಗೋಪ್ಯಕ್ಕೂ ಮೇರೆಯುಂಟು. ಸೋಂಕು ಇದೆಯೆಂದು ತಿಳಿದವನು ಊರಿಗೆ ಹೇಳಬೇಕಾಗಿಲ್ಲ. ಆದರೆ ಕೈಹಿಡಿದವಳಿಗೆ ತಿಳಿಸದೆ ಅವಳನ್ನು ಅಪಾಯಕ್ಕೊಡ್ಡಿದರೆ ಅದು ಗೋಪ್ಯವಲ್ಲ, ವಂಚನೆಯು. ಮೇಲಾಗಿ ಮನೆಯ ಪರೀಕ್ಷೆಯು ಕೊನೆಯ ಮಾತಲ್ಲ. ಸೋಂಕಿನ ಸೂಚನೆ ಕಂಡರೆ ಆಸ್ಪತ್ರೆಯಲ್ಲಿ ಮರುಪರೀಕ್ಷೆಯಾಗಲೇಬೇಕು; ಕಾಣದಿದ್ದರೂ, ಸೋಂಕು ತಗಲುವ ಸಂದರ್ಭವು ಒದಗಿ ಮೂರು ತಿಂಗಳು ಕಳೆಯದಿದ್ದಲ್ಲಿ ನಿಶ್ಚಿಂತನಾಗಲಾಗದು. 2004ರಿಂದ ಸರ್ಕಾರವು ಔಷಧವನ್ನು ಉಚಿತವಾಗಿ ಕೊಡುತ್ತಲಿದೆ. ಅದನ್ನು ತಪ್ಪದೆ ಸೇವಿಸಿ, ರಕ್ತಪರೀಕ್ಷೆಗೆ ವೈರಾಣುವು ಸಿಗದಷ್ಟು ಕ್ಷೀಣಿಸಿದವರಿಂದ ದಾಂಪತ್ಯದಲ್ಲಿ ಸೋಂಕು ಹರಡುವುದಿಲ್ಲ. 1097 ಎಂಬ ದೂರವಾಣಿಯಲ್ಲಿ ಹೆಸರು ಹೇಳದೆಯೇ ಸಲಹೆ ಪಡೆಯಬಹುದು.

ಹೀಗಿರಲು ಸಿದ್ಧಾಂತವು ಇಷ್ಟೇ: ಏಕಾಂತದಲ್ಲಿ ತಿಳಿಯುವುದು ದೋಷವಲ್ಲ, ತಿಳಿದವನನ್ನು ಏಕಾಕಿಯನ್ನಾಗಿ ಮಾಡುವುದೇ ದೋಷವು. ಅಂಚೆಯವನು ಸಾಧನವನ್ನು ತಂದುಕೊಡಬಲ್ಲನು, ಧೈರ್ಯವನ್ನು ತಂದುಕೊಡಲಾರನು. ಅದು ಮನೆಯವರಿಂದಲೇ ದೊರೆಯಬೇಕು. ಮಗನು ಬಾಯಿಬಿಟ್ಟು ಹೇಳಬಹುದಾದ ಮನೆಯಲ್ಲಿ ಮರೆಯ ಅಗತ್ಯವೂ ತಾನಾಗಿ ಕಡಿಮೆಯಾಗುವುದು.