ಎದುರಿನ ಬೆಂಚು ಯಾರ ಹಕ್ಕು?

ಶಾಲಾರಂಭದ ದಿನಗಳಲ್ಲಿ ಹೆತ್ತವರಿಂದ ಶಿಕ್ಷಕರಿಗೆ ಬರುವ ಒಂದು ವಿನಂತಿ ಇದೆ: "ಉಸ್ತಾದರೇ, ನಮ್ಮ ಮಗುವನ್ನು ಸ್ವಲ್ಪ ಎದುರು ಕೂರಿಸಿ." ಉಡುಪಿಯ ಪ್ರೌಢಶಾಲೆಯಾಗಲಿ, ಮಣಿಪಾಲದ ಆಂಗ್ಲ ಮಾಧ್ಯಮ ಶಾಲೆಯಾಗಲಿ, ಕಾಪುವಿನ ಮದ್ರಸವಾಗಲಿ, ಕಾರ್ಕಳದ ಹಳ್ಳಿಯ ಸರಕಾರಿ ಶಾಲೆಯಾಗಲಿ, ಮಾತು ಒಂದೇ. ಇದನ್ನು ಓದುತ್ತಿರುವ ನೀವೂ ಎಂದಾದರೂ ಹೇಳಿರಬಹುದು. ಮಗುವಿನ ಹಿತ ಬಯಸುವುದು ಹೆತ್ತವರ ಧರ್ಮ. ಆದರೆ ಒಂದು ಕ್ಷಣ ಯೋಚಿಸಿರಿ. ನಲವತ್ತು ಮಕ್ಕಳ ಕೋಣೆಯಲ್ಲಿ ಎದುರಿನ ಸಾಲಿನಲ್ಲಿ ಎಂಟು ಮಕ್ಕಳಿಗೆ ಜಾಗವಿದೆ. ನಿಮ್ಮ ಮಗು ಮುಂದೆ ಬಂದರೆ ಇನ್ನೊಬ್ಬರ ಮಗು ಹಿಂದೆ ಹೋಗಲೇಬೇಕು. ಆ ಇನ್ನೊಬ್ಬರು ಯಾರು? ಹೆಚ್ಚಾಗಿ, ಶಾಲೆಗೆ ಬಂದು ಹೀಗೆ ವಿನಂತಿಸಲು ಬಿಡುವೂ ಧೈರ್ಯವೂ ಇಲ್ಲದವರು. ಬೀಡಿ ಕಟ್ಟುವ ತಾಯಿ, ದೋಣಿಗೆ ಹೋಗುವ ತಂದೆ. ಅವರ ಮಗು ತಾನಾಗಿಯೇ ಹಿಂದೆ ಸರಿಯುತ್ತದೆ. ಯಾರೂ ಗಮನಿಸುವುದಿಲ್ಲ.

ಕೂರುವ ಜಾಗ ಅಷ್ಟೊಂದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಠ ನಡೆಯುವುದು ಮಳೆಯ ನಡುವೆ. ಶೀಟಿನ ಮಾಡಿರುವ ಮದ್ರಸದಲ್ಲಿ ಮಳೆ ಬಿರುಸಾದರೆ ಉಸ್ತಾದರ ಸ್ವರ ಮೂರನೇ ಸಾಲು ದಾಟುವುದಿಲ್ಲ. ಕಡಲ ಬದಿಯ ಊರಿನಲ್ಲಿ ಗಾಳಿಗೆ ಹೆದರಿ ಕಿಟಿಕಿ ಮುಚ್ಚಿದರೆ ಕೋಣೆ ಕತ್ತಲು, ತೆರೆದರೆ ಬದಿಯ ಮಕ್ಕಳ ಪುಸ್ತಕ ಒದ್ದೆ. ಸೀನ್, ಸ್ವಾದ್, ಸಾ ಎಂಬ ಮೂರು ಅಕ್ಷರಗಳ ವ್ಯತ್ಯಾಸವನ್ನು ಮಗು ಕಲಿಯುವುದು ಪುಸ್ತಕದಿಂದಲ್ಲ. ಉಸ್ತಾದರ ತುಟಿ, ನಾಲಗೆ ನೋಡಿ, ಸ್ವರ ಕೇಳಿ. ಕೊನೆಯ ಸಾಲಿನ ಮಗುವಿಗೆ ತುಟಿಯೂ ಕಾಣದು, ಸ್ವರವೂ ಕೇಳದು. ಅದು ತಪ್ಪು ಓದುತ್ತದೆ. ತಪ್ಪು ಓದಿದ್ದಕ್ಕೆ ದಡ್ಡ ಎನಿಸಿಕೊಳ್ಳುತ್ತದೆ. ದಡ್ಡನಾದುದರಿಂದ ಹಿಂದೆಯೇ ಇರಲಿ ಎಂಬ ತೀರ್ಮಾನವೂ ಆಗುತ್ತದೆ! ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಆ ಮೇಲೆ ಯಾರು ವಿಚಾರಿಸುತ್ತಾರೆ?

ಡಾ. ಅಂಬೇಡ್ಕರರು ಸಾತಾರಾದ ಶಾಲೆಗೆ ಹೋಗುತ್ತಿದ್ದಾಗ ಮನೆಯಿಂದ ತಂದ ಗೋಣಿಯ ತುಂಡಿನ ಮೇಲೆ ಮೂಲೆಯಲ್ಲಿ ಪ್ರತ್ಯೇಕವಾಗಿ ಕೂರಬೇಕಾಗಿತ್ತು. ಸಂಜೆ ಆ ಗೋಣಿಯನ್ನು ಮನೆಗೇ ಒಯ್ಯಬೇಕಾಗಿತ್ತು. 2022ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಕುಂದಾಪುರದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ಕಾಲೇಜಿನ ಒಳಗೆ ಬಿಟ್ಟು ಬೇರೆ ಕೋಣೆಯಲ್ಲಿ ಕೂರಿಸಿದಾಗ ನಮಗಾದ ನೋವನ್ನು ವಿವರಿಸಬೇಕಾಗಿಲ್ಲ. ಗೋಡೆ ಅಡ್ಡ ಬಂದಾಗ ನಮಗೆ ಅನ್ಯಾಯ ಕಾಣುತ್ತದೆ. ಗೋಡೆಯೇ ಇಲ್ಲದ ನಮ್ಮ ಮದ್ರಸದ ಕೋಣೆಯಲ್ಲಿ, ವರ್ಷವಿಡೀ ಕೊನೆಯ ಸಾಲಿನಲ್ಲಿ ಉಳಿದ ಮಗು ಕಾಣುತ್ತದೆಯೇ?

ಅಬಸ ಅಧ್ಯಾಯದ ಹಿನ್ನೆಲೆ ನಿಮಗೆ ತಿಳಿದಿದೆ. ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯಲೆಂದು ಬಂದರು. ಮಾತಿಗೆ ಅಡಚಣೆಯಾದುದರಿಂದ ಪ್ರವಾದಿವರ್ಯರ(ಸ) ಹುಬ್ಬು ಗಂಟಿಕ್ಕಿತು, ಮುಖ ಅತ್ತ ತಿರುಗಿತು. ಅಲ್ಲಾಹನು ಕೂಡಲೇ ಎಚ್ಚರಿಸಿದನು. ಇಲ್ಲಿ ಒಂದು ಸೂಕ್ಷ್ಮವಿದೆ. ಬಂದವರು ಅಂಧರು, ಗಂಟಿಕ್ಕಿದ ಹುಬ್ಬನ್ನು ಅವರು ನೋಡಿಯೇ ಇರಲಿಲ್ಲ. ಆದರೂ ಅದು ಪ್ರಲಯದ ತನಕ ಓದಲ್ಪಡುವ ವಚನಗಳಿಗೆ ವಿಷಯವಾಯಿತು. ಕಲಿಯಲು ಬಂದವನ ಕಡೆಗೆ ಕಲಿಸುವವನ ಮುಖ ಇರಬೇಕೆಂಬುದು ಅಷ್ಟು ಗಂಭೀರವಾದ ವಿಷಯ. ಮೂವತ್ತೈದು ನಿಮಿಷದ ಪಾಠವನ್ನು ಎದುರಿನ ಎರಡು ಸಾಲಿಗೆ ಮಾತ್ರ ಹೇಳಿ ಹೊರಡುವ ನಾವು, ಶಿಕ್ಷಕರು, ಎತ್ತ ಮುಖ ಮಾಡಿದ್ದೇವೆ?

ಕೆಲವು ಶಿಕ್ಷಕರ ವಾದ ಹೀಗಿದೆ: ಚೆನ್ನಾಗಿ ಓದುವವರಿಗೆ ಎದುರಿನ ಬೆಂಚು ಬಹುಮಾನ, ಅದರ ಆಸೆಗಾದರೂ ಉಳಿದವರು ಓದಲಿ. ಕೇಳಲು ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಔಷಧಿಯನ್ನು ಆರೋಗ್ಯವಂತರಿಗೆ ಬಹುಮಾನವಾಗಿ ಹಂಚುವ ವೈದ್ಯರನ್ನು ನೀವು ಒಪ್ಪುತ್ತೀರಾ? ಕೈರವಾನಿನ ವಿದ್ವಾಂಸ ಇಬ್ನು ಸಹ್ನೂನ್ (ನಿಧನ 870) ಶಿಕ್ಷಕರ ನಡತೆಯ ಕುರಿತೇ ಒಂದು ಗ್ರಂಥ ಬರೆದಿದ್ದಾರೆ. ಬಡವನ ಮಗನಿಗೂ ಧನಿಕನ ಮಗನಿಗೂ ಸಮಾನವಾಗಿ ಕಲಿಸಬೇಕಾದುದು ಶಿಕ್ಷಕನ ಹೊಣೆ ಎಂದು ಅದರಲ್ಲಿದೆ. ಜಮಾಅತ್ ಸಮಿತಿಯವರ ಮಕ್ಕಳಿಗೆ ಕುರ್ಚಿಯ ಹತ್ತಿರದ ಜಾಗ ತನ್ನಿಂತಾನೇ ಸಿಗುವ ಕಡೆಗಳಲ್ಲಿ ಈ ಗ್ರಂಥದ ನೆನಪು ಮಾಡುವುದು ಒಳ್ಳೆಯದು.

ಹಾಗಾದರೆ ವಾರಕ್ಕೊಮ್ಮೆ ಸಾಲು ಬದಲಿಸಿದರೆ ಸಾಕೇ? ಬದಲಿಸದಿರುವುದಕ್ಕಿಂತ ಎಷ್ಟೋ ಮೇಲು. ಆದರೂ ದೂರದ ಅಕ್ಷರ ಕಾಣದ ಮಗುವಿಗೆ ಸರದಿಯ ನ್ಯಾಯದಿಂದ ಐದು ವಾರಕ್ಕೊಮ್ಮೆ ಮಾತ್ರ ಹಲಗೆ ಕಾಣುತ್ತದೆ. ಅದಕ್ಕೆ ಮುಂದಿನ ಜಾಗ ಖಾಯಂ ಬೇಕು, ಕನ್ನಡಕವೂ ಬೇಕು. ಎಲ್ಲರಿಗೂ ಒಂದೇ ಅಳತೆ ಎಂಬುದು ಲೆಕ್ಕದ ಸಮಾನತೆ. ಅದ್‌ಲ್ ಎಂಬುದು ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದುದನ್ನು ಕೊಡುವುದು.

ಈ ತತ್ವ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಆಚರಣೆಗೆ ಬಂದುದು ಹಲವರಿಗೆ ತಿಳಿಯದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯನ್ನು 2009ರಿಂದ ರಾಜ್ಯದಾದ್ಯಂತ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು. ಅಲ್ಲಿ ಬೆಂಚಿನ ಸಾಲಿಲ್ಲ. ಮಕ್ಕಳು ಐದು ಗುಂಪುಗಳಲ್ಲಿ ಸುತ್ತ ಕೂರುತ್ತಾರೆ. ತಾವೇ ಕಲಿಯಬಲ್ಲವರು ಒಂದು ಗುಂಪು, ಜೊತೆಯವರ ನೆರವು ಬೇಕಾದವರು ಇನ್ನೊಂದು, ಹೀಗೆ. ಶಿಕ್ಷಕರು ಕೂರುವುದು, ಅವರಿಲ್ಲದೆ ಮುಂದೆ ಹೋಗಲಾಗದ ಗುಂಪಿನೊಡನೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಷ್ಟು ಎತ್ತರದಲ್ಲಿ ಕಪ್ಪು ಹಲಗೆ. ಈ ಪದ್ಧತಿಗೆ ಅದರದೇ ಲೋಪಗಳಿವೆ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ಶಿಕ್ಷಕಿಗೆ ಒಪ್ಪಿಸಿದರೆ ಯಾವ ವ್ಯವಸ್ಥೆಯೂ ಸೋಲುತ್ತದೆ. ಆದರೆ ಗುರುವಿನ ಸಾಮೀಪ್ಯವು ಅಗತ್ಯವಿದ್ದವನಿಗೆ ಎಂಬ ಅದರ ನಿಯಮವನ್ನು ನಮ್ಮ ಮದ್ರಸಗಳು ಧಾರಾಳವಾಗಿ ಸ್ವೀಕರಿಸಬಹುದು. ವೃತ್ತಾಕಾರ ನಮಗೇನೂ ಹೊಸದಲ್ಲ. ಮಸೀದಿಯ ದರ್ಸ್‌ನಲ್ಲಿ ಉಸ್ತಾದರ ಸುತ್ತ ಕೂರುವ ಹಲ್‌ಕಾ ನಮ್ಮದೇ ಪರಂಪರೆ. 2024ರಲ್ಲಿ ಬಂದ ಮಲಯಾಳಂ ಚಲನಚಿತ್ರವೊಂದನ್ನು ನೋಡಿ ಕೇರಳದ ಕೆಲವು ಶಾಲೆಗಳು ಹಿಂಬೆಂಚು ಇಲ್ಲದಂತೆ ಮೂರು ಬದಿಗೆ ಬೆಂಚು ಜೋಡಿಸಿದಾಗ ದೊಡ್ಡ ಸುದ್ದಿಯಾಯಿತು. ಕೋಣೆ ಚಿಕ್ಕದಾಗಿ ಮಕ್ಕಳು ಹೆಚ್ಚಿದ್ದರೆ ಅದು ನಡೆಯದು. ಬದಿಯವರು ದಿನವಿಡೀ ಕತ್ತು ತಿರುಗಿಸಿಯೇ ಇರಬೇಕಾಗುತ್ತದೆ.

ಹೆಣ್ಣು ಮಕ್ಕಳ ವಿಷಯವನ್ನೂ ಹೇಳಲೇಬೇಕು. ಹುಡುಗರ ಹಿಂದೆ ಹುಡುಗಿಯರನ್ನು ಕೂರಿಸುವ ರೂಢಿ ಕೆಲವೆಡೆ ಇದೆ. ಪ್ರತ್ಯೇಕವಾಗಿ ಕೂರಿಸುವುದು ಸರಿ. ಆದರೆ ಪ್ರತ್ಯೇಕವೆಂದರೆ ಹಿಂದೆ ಎಂದೇಕಾಗಬೇಕು? ನಡುವೆ ದಾರಿ ಬಿಟ್ಟು ಬಲಕ್ಕೊಂದು ಎಡಕ್ಕೊಂದು ಭಾಗ ಮಾಡಿದರೆ ಇಬ್ಬರಿಗೂ ಎದುರಿನ ಸಾಲಿರುತ್ತದೆ. ಪುರುಷರೇ ತಮ್ಮನ್ನು ಆವರಿಸಿಕೊಂಡಿರುವುದರಿಂದ ತಮಗೆ ಕಲಿಯಲು ಅವಕಾಶವಾಗುತ್ತಿಲ್ಲ ಎಂದು ಮಹಿಳೆಯರು ದೂರಿದಾಗ ಪ್ರವಾದಿವರ್ಯರು(ಸ) ಅವರಿಗಾಗಿಯೇ ಒಂದು ದಿನವನ್ನು ಗೊತ್ತುಪಡಿಸಿದರೆಂದು ಬುಖಾರಿಯಲ್ಲಿದೆ. ದೂರಿದವರನ್ನು ಅವರು ಗದರಿಸಲಿಲ್ಲ.

ಕೆಲವು ಮಕ್ಕಳು ತಾವೇ ಹಿಂದೆ ಕೂರಬಯಸುತ್ತಾರೆ, ನಿಜ. ಪ್ರವಾದಿ ಸಭೆಗೆ ಮೂವರು ಬಂದ ಪ್ರಸಂಗ ಹದೀಸಿನಲ್ಲಿದೆ: ಒಬ್ಬರು ವೃತ್ತದೊಳಗಿನ ತೆರವಿನಲ್ಲಿ ಕುಳಿತರು, ಇನ್ನೊಬ್ಬರು ಲಜ್ಜೆಯಿಂದ ಹಿಂದೆ ಕುಳಿತರು, ಮತ್ತೊಬ್ಬರು ಹೊರಟೇ ಹೋದರು. ಲಜ್ಜೆಪಟ್ಟವರನ್ನು ಅಲ್ಲಾಹನು ಕೈಬಿಡಲಿಲ್ಲ. ನಾಚಿಕೆಯ ಮಗುವನ್ನು ಎಳೆದು ಮುಂದೆ ಕೂರಿಸಬೇಕೆಂದಿಲ್ಲ. ಶಿಕ್ಷಕರೇ ನಡೆದು ಅದರ ಬಳಿ ಹೋಗಬಹುದು. ಬೆಂಚು ಜೋಡಿಸಲು ಜಾಗವಿಲ್ಲದ ಕೋಣೆಯಲ್ಲೂ ನಡೆಯಲು ಒಂದು ಅಡಿ ದಾರಿ ಬಿಡಬಹುದು. ಕೊನೆಯ ಸಾಲಿನ ಹಿಂದೆ ನಿಂತು ಓದಿಸಿದ ದಿನ ಅದೇ ಎದುರಿನ ಸಾಲಾಗುತ್ತದೆ.

ಹೆತ್ತವರೇ, ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ಹೀಗೆ ಮಾಡಿರಿ. ಮಾತು ಮುಗಿದ ಬಳಿಕ ತರಗತಿಯ ಕೊನೆಯ ಬೆಂಚಿನಲ್ಲಿ, ಕಿಟಿಕಿಯಿಂದ ದೂರದ ಮೂಲೆಯಲ್ಲಿ, ಐದು ನಿಮಿಷ ಕುಳಿತು ಹಲಗೆಯನ್ನು ನೋಡಿರಿ. ಕಿಟಿಕಿಯ ಬೆಳಕು ಹಲಗೆಯ ಮೇಲೆ ಬಿದ್ದು ಅರ್ಧ ಅಕ್ಷರಗಳು ಹೊಳಪಿನಲ್ಲಿ ಮರೆಯಾಗಿರಬಹುದು. ಆ ಜಾಗದಲ್ಲಿ ಕೂರುವ ಮಗು ಯಾರದೆಂದು ಶಿಕ್ಷಕರನ್ನು ಕೇಳಿ, ಆ ಬಳಿಕ ನಿಮ್ಮ ವಿನಂತಿಯನ್ನು ಮಂಡಿಸಿರಿ.