ಮೂಲಪಾಪವೂ ಹಸುಳೆಯ ಗತಿಯೂ

ತಾನು ಮಾಡಿದ್ದನ್ನು ತಾನೇ ಉಣ್ಣಬೇಕೆಂಬ ಮಾತನ್ನು ಕೇಳುತ್ತ ಬೆಳೆದವರಿಗೆ ಕ್ರೈಸ್ತಧರ್ಮದ ಮೂಲಪಾಪವೆಂಬ ಕಲ್ಪನೆ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಆದಿಮಾನವನಾದ ಆದಾಮನು ದೇವರ ಆಜ್ಞೆಯನ್ನು ಮೀರಿದನು. ಆ ದೋಷವು ಅವನ ಸಂತತಿಗೆಲ್ಲ ಹರಿದು ಬಂದಿತು. ಆದುದರಿಂದ ಈ ಹೊತ್ತು ಹುಟ್ಟಿದ ಮಗುವೂ ದೋಷಯುಕ್ತವೇ ಎಂದರೆ, ಯಾರದೋ ಸಾಲಕ್ಕೆ ಯಾರನ್ನೋ ಹೊಣೆ ಹಿಡಿದಂತಾಯಿತಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಈ ಪ್ರಶ್ನೆಯನ್ನು ಹೊರಗಿನವರಿಗಿಂತ ತೀಕ್ಷ್ಣವಾಗಿ ಕ್ರೈಸ್ತರೇ ತಮ್ಮೊಳಗೆ ಕೇಳಿಕೊಂಡರೆಂಬುದನ್ನು ಗಮನಿಸಬೇಕು. ಸುಮಾರು ಸಾವಿರದ ಆರುನೂರು ವರ್ಷಗಳಿಂದ ಈ ವಿಷಯದಲ್ಲಿ ಅವರಿಗೆ ಒಮ್ಮತವಿಲ್ಲ.

ಆದಿಕಾಂಡದಲ್ಲಿ ಆದಾಮ–ಹವ್ವರ ಕಥೆಯಿದೆಯೇ ಹೊರತು ಮೂಲಪಾಪವೆಂಬ ಶಬ್ದವಿಲ್ಲ. ಅದನ್ನು ಲ್ಯಾಟಿನ್ ಭಾಷೆಯಲ್ಲಿ ನೆಲೆಗೊಳಿಸಿದವನು ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್ (354–430). ಅವನ ಪ್ರತಿವಾದಿಯಾದ ಪೆಲಾಜಿಯಸ್ ಬ್ರಿಟನ್ ಮೂಲದವನು. ರೋಮ್ ನಗರದಲ್ಲಿ ವ್ರತನಿಷ್ಠನೆಂದು ಹೆಸರಾಗಿದ್ದವನು. ಸುಖಜೀವನದಲ್ಲಿ ಮುಳುಗಿ, ನಾವು ದುರ್ಬಲರು, ಏನು ಮಾಡೋಣ ಎನ್ನುತ್ತಿದ್ದ ಕ್ರೈಸ್ತರ ನೆಪಗಳು ಅವನಿಗೆ ಸಹ್ಯವಾಗಲಿಲ್ಲ. ಸುಮಾರು 413ರಲ್ಲಿ, ಬ್ರಹ್ಮಚರ್ಯವ್ರತವನ್ನು ಕೈಗೊಂಡ ಡೆಮೆಟ್ರಿಯಾಸ್ ಎಂಬ ಶ್ರೀಮಂತ ಮನೆತನದ ತರುಣಿಗೆ ಬರೆದ ದೀರ್ಘಪತ್ರದಲ್ಲಿ ಅವನ ನಿಲುವು ಸ್ಪಷ್ಟವಾಗಿದೆ. ದೇವರು ಆಜ್ಞೆಯನ್ನು ಕೊಟ್ಟನೆಂದರೆ ಅದನ್ನು ಪಾಲಿಸುವ ಸಾಮರ್ಥ್ಯವನ್ನೂ ಮನುಷ್ಯಸ್ವಭಾವದಲ್ಲಿ ಇಟ್ಟಿರಲೇಬೇಕು. ಆಗದುದನ್ನು ಆಜ್ಞಾಪಿಸುವವನು ನ್ಯಾಯವಂತನಲ್ಲ. ಆದಾಮನು ಕೆಟ್ಟ ಮೇಲ್ಪಂಕ್ತಿಯನ್ನು ಹಾಕಿಕೊಟ್ಟನೇ ಹೊರತು ವಂಶದ ರಕ್ತಕ್ಕೆ ವಿಷವನ್ನು ಬೆರೆಸಲಿಲ್ಲ ಎಂಬುದು ಈ ಪಕ್ಷದ ಸಾರ.

ಅಗಸ್ಟೀನನ ವಾದ ಸ್ವಾನುಭವದಿಂದ ಹುಟ್ಟಿದ್ದು. ಒಳ್ಳೆಯದು ಯಾವುದೆಂದು ಬಲ್ಲವನೂ ಅದನ್ನು ಮಾಡಲಾರದೆ, ಅಭ್ಯಾಸದ ಸರಪಣಿಯಲ್ಲಿ ಸಿಕ್ಕಿ ನರಳುವುದನ್ನು ಅವನು ತನ್ನ ಯೌವನದಲ್ಲಿ ಕಂಡಿದ್ದನು. ಇಚ್ಛೆಯೇ ರೋಗಗ್ರಸ್ತವಾಗಿರುವಾಗ ಇಚ್ಛೆಯಿಂದಲೇ ವಾಸಿಮಾಡಿಕೋ ಎನ್ನುವುದು ಹೇಗೆ? ದೇವಕೃಪೆಯು ಹೊರಗಿನಿಂದ ಬರಬೇಕು, ಮೊದಲು ಬರಬೇಕು. ಮನುಷ್ಯನು ತನ್ನ ಬಲದಿಂದಲೇ ನೀತಿವಂತನಾಗಬಲ್ಲನಾದರೆ ಯೇಸುಕ್ರಿಸ್ತನ ಮರಣವೇ ವ್ಯರ್ಥವಾಗುತ್ತದೆ. ಶಿಶುವಿನ ವಿಷಯದಲ್ಲಿ ಅವನು ಕೊಡುವ ನಿದರ್ಶನ ಪ್ರಸಿದ್ಧವಾದುದು: ಇನ್ನೂ ಮಾತು ಬಾರದ ಒಂದು ಕೂಸು, ಅದೇ ದಾದಿಯ ಮೊಲೆಯುಣ್ಣುತ್ತಿದ್ದ ಇನ್ನೊಂದು ಕೂಸನ್ನು ಅಸೂಯೆಯಿಂದ ಮುಖ ಬಿಳಿಚಿಕೊಂಡು ನೋಡುತ್ತಿತ್ತಂತೆ. ಮಕ್ಕಳನ್ನು ಸಾಕಿದವರು ಇದನ್ನು ಸುಳ್ಳೆನ್ನಲಾರರು. ಆದರೆ ಹಸಿವನ್ನು ಪಾಪವೆಂದು ಓದಿದ್ದು ತಾಯಿಯ ಕಣ್ಣಲ್ಲ, ತಾರ್ಕಿಕನ ಕಣ್ಣು.

ತರ್ಕವು ಅವನನ್ನು ಮುಂದೆ ಕಠಿನವಾದ ಸ್ಥಳಕ್ಕೆ ಒಯ್ದಿತು. ಶಿಶುಗಳಿಗೂ ಪಾಪಪರಿಹಾರಾರ್ಥವಾಗಿ ಜ್ಞಾನಸ್ನಾನವನ್ನು ಕೊಡುವ ಪದ್ಧತಿ ಆಗಲೇ ಇದ್ದಿತು. ಮಾಡಿದ ಪಾಪವಿಲ್ಲದಿದ್ದರೆ ಪರಿಹಾರ ಯಾವುದಕ್ಕೆ? ಆದಕಾರಣ ಬಂದ ಪಾಪವಿರಬೇಕು. ಆದಕಾರಣ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಹಸುಳೆಗೆ ದೇವರ ರಾಜ್ಯವಿಲ್ಲ, ದಂಡನೆಯುಂಟು. ಆ ದಂಡನೆ ಎಲ್ಲಕ್ಕಿಂತ ಸೌಮ್ಯವಾದುದು ಎಂದಷ್ಟೇ ಅವನು ಸಡಿಲಿಸಿದನು. 418ರಲ್ಲಿ ಕಾರ್ಥೇಜಿನ ಧರ್ಮಪರಿಷತ್ತು ಪೆಲಾಜಿಯಸನ ಮತವನ್ನು ಖಂಡಿಸಿತು. ಚಕ್ರವರ್ತಿ ಹೊನೋರಿಯಸನ ಆಜ್ಞೆಯೂ ಅದೇ ವರ್ಷ ಹೊರಟಿತು. ಖಂಡನೆಗೆ ಸಹಿ ಹಾಕಲು ಒಪ್ಪದೆ ಪದವಿಯನ್ನು ಕಳೆದುಕೊಂಡವರಲ್ಲಿ ಇಟಲಿಯ ಎಕ್ಲಾನಮ್ ಪಟ್ಟಣದ ಬಿಷಪ್ ಜೂಲಿಯನ್ ಒಬ್ಬನು. ಈಗ ತಾನೇ ಹುಟ್ಟಿದ ಶಿಶುವನ್ನು ದಂಡಿಸುವವನನ್ನು ನ್ಯಾಯಮೂರ್ತಿಯೆಂದು ಯಾವ ಬಾಯಿಯಿಂದ ಕರೆಯುವುದೆಂದು ಅವನು ವರ್ಷಗಟ್ಟಲೆ ಬೆನ್ನು ಹತ್ತಿ ಕೇಳಿದನು. ಅವನಿಗೆ ಉತ್ತರವಾಗಿ ಬರೆಯುತ್ತಿದ್ದ ಗ್ರಂಥವು ಅಪೂರ್ಣವಾಗಿರುವಾಗಲೇ ಅಗಸ್ಟೀನನು ಮರಣಹೊಂದಿದನು.

ಇಲ್ಲಿ ಒಬ್ಬನನ್ನು ಕರುಣಾಳುವೆಂದೂ ಮತ್ತೊಬ್ಬನನ್ನು ನಿರ್ದಯನೆಂದೂ ತೀರ್ಪು ಕೊಡುವುದು ಸುಲಭ. ಆದರೆ ಹಾಗೆ ಮಾಡಿದರೆ ವಿಷಯದ ತಿರುಳು ತಪ್ಪಿಹೋಗುತ್ತದೆ. ಪೆಲಾಜಿಯಸನ ಮತವು ಹಸುಳೆಗೆ ಮೃದು, ಪ್ರಾಯಸ್ಥನಿಗೆ ಕಠೋರ. ಮದ್ಯಕ್ಕೋ ಕೋಪಕ್ಕೋ ದಾಸನಾಗಿ ಹತ್ತು ಸಲ ಪ್ರತಿಜ್ಞೆ ಮಾಡಿ ಹತ್ತು ಸಲವೂ ಬಿದ್ದವನಿಗೆ ಆ ಮತವು ಹೇಳುವುದು ಒಂದೇ ಮಾತು: ನಿನಗೆ ಸಾಧ್ಯವಿತ್ತು, ನೀನು ಮಾಡಲಿಲ್ಲ. ಅಗಸ್ಟೀನನಾದರೋ ಅಂಥವನ ಪಕ್ಕದಲ್ಲಿ ಕುಳಿತು, ನಿನ್ನಂತೆಯೇ ನಾನೂ, ನಾವೆಲ್ಲರೂ ರೋಗಿಗಳೇ ಎನ್ನಬಲ್ಲನು. ಬಿದ್ದವನಿಗೆ ಅವನು ಕೊಟ್ಟ ಸಾಂತ್ವನದ ಬೆಲೆಯನ್ನು ಹಸುಳೆಯು ತೆರಬೇಕಾಯಿತು. ಮುಂದಿನ ಶತಮಾನಗಳ ಅನೇಕ ಕ್ರೈಸ್ತ ಪಂಥಗಳು ಈ ಬೆಲೆಯನ್ನು ತೆರದೆ ಆ ಸಾಂತ್ವನವನ್ನು ಉಳಿಸಿಕೊಳ್ಳಲು ಹೆಣಗಿವೆ.

ಪೂರ್ವದ ಗ್ರೀಕ್ ಸಂಪ್ರದಾಯದವರಿಗೆ ಈ ಇಕ್ಕಟ್ಟು ಅಷ್ಟಾಗಿ ಒದಗಲಿಲ್ಲ. ಅದಕ್ಕೆ ಒಂದು ಕಾರಣ ವ್ಯಾಕರಣದಲ್ಲಿದೆ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ 5ನೆಯ ಅಧ್ಯಾಯದ 12ನೆಯ ವಚನದಲ್ಲಿ ಬರುವ ಗ್ರೀಕ್ ಪದಗುಚ್ಛಕ್ಕೆ ‘ಎಲ್ಲರೂ ಪಾಪಮಾಡಿದ್ದರಿಂದ’ ಎಂಬ ಅರ್ಥವನ್ನು ಇಂದಿನ ಬಹುತೇಕ ವಿದ್ವಾಂಸರು ಹೇಳುತ್ತಾರೆ. ಅಗಸ್ಟೀನನ ಕೈಯಲ್ಲಿದ್ದ ಲ್ಯಾಟಿನ್ ಅನುವಾದವು ‘ಯಾವನಲ್ಲಿ ಎಲ್ಲರೂ ಪಾಪಮಾಡಿದರೋ’ ಎಂಬರ್ಥಕ್ಕೆ ಎಡೆಮಾಡಿತು. ಆ ‘ಯಾವನು’ ಆದಾಮನೇ ಎಂದು ಅವನು ಗ್ರಹಿಸಿದನು. ಒಂದು ವಿಭಕ್ತಿಯ ಮೇಲೆ ಎಷ್ಟು ತೊಟ್ಟಿಲುಗಳು ತೂಗಿದವು! ಆದರೂ ಎಲ್ಲ ಭಾರವನ್ನೂ ಅನುವಾದಕನ ತಲೆಗೆ ಕಟ್ಟುವುದು ತರವಲ್ಲ. ಅಗಸ್ಟೀನನಿಗೆ ಬೇರೆ ಆಧಾರಗಳೂ ಇದ್ದವು. ಪೂರ್ವದವರ ದೃಷ್ಟಿಯಲ್ಲಿ ಆದಾಮನಿಂದ ಬಂದ ಉತ್ತರಾಧಿಕಾರ ಮರ್ತ್ಯತೆ ಮತ್ತು ದೌರ್ಬಲ್ಯ, ಅಪರಾಧವಲ್ಲ. ಅಂತೆಯೇ ಅವರಿಗೆ ರಕ್ಷಣೆಯೆಂದರೆ ನ್ಯಾಯಾಲಯದ ಬಿಡುಗಡೆಗಿಂತ ಹೆಚ್ಚಾಗಿ ಮೃತ್ಯುವಿನಿಂದ ಬಿಡುಗಡೆ, ರೋಗಿಯ ಆರೋಗ್ಯಲಾಭ.

ಪಶ್ಚಿಮದಲ್ಲಿ ಮಧ್ಯಯುಗದ ಪಂಡಿತರು ಲಿಂಬೊ ಎಂಬ ಅಂಚಿನ ಲೋಕವೊಂದನ್ನು ಕಲ್ಪಿಸಿ ದಂಡನೆಯನ್ನು ಮತ್ತಷ್ಟು ತಗ್ಗಿಸಿದರು. 13ನೆಯ ಶತಮಾನದ ಥಾಮಸ್ ಅಕ್ವಿನಾಸನ ಪ್ರಕಾರ ಅಲ್ಲಿನ ಶಿಶುಗಳಿಗೆ ವೇದನೆಯಿಲ್ಲ, ತಾವು ಏನನ್ನು ಕಳೆದುಕೊಂಡೆವೆಂಬ ದುಃಖವೂ ಇಲ್ಲ. ತಾಯಂದಿರಿಗೆ ಇದು ಸಾಲಲಿಲ್ಲವೆಂಬುದಕ್ಕೆ ಮಣ್ಣಿನೊಳಗೆ ಸಾಕ್ಷ್ಯವಿದೆ. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್ ಎಂಬಲ್ಲಿ 15ನೆಯ ಶತಮಾನದಲ್ಲಿ ಮರಿಯಮಾತೆಯ ಯಾತ್ರಾಸ್ಥಳವೊಂದಿತ್ತು. ಸತ್ತು ಹುಟ್ಟಿದ ಮಕ್ಕಳನ್ನು ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಕೆಂಡ–ದೀಪಗಳ ನಡುವೆ ಮಗುವನ್ನು ಬೆಚ್ಚಗೆ ಮಾಡಿ, ತುಟಿಯ ಮೇಲೆ ಒಂದು ಗರಿಯನ್ನಿಟ್ಟು, ಅದು ಅಲುಗಿದರೆ ಜೀವ ಬಂತೆಂದು ಭಾವಿಸಿ ಒಡನೆಯೇ ಜ್ಞಾನಸ್ನಾನ ಕೊಟ್ಟು ಮಣ್ಣುಮಾಡುತ್ತಿದ್ದರು. 1990ರ ದಶಕದ ಉತ್ಖನನದಲ್ಲಿ ಸುಮಾರು 250 ಹಸುಳೆಗಳ ಎಲುಬುಗಳು ಅಲ್ಲಿ ದೊರೆತವು. ಬಿಸಿಗಾಳಿಗೆ ಗರಿ ಅಲುಗುತ್ತದೆಂಬುದು ಹೊತ್ತು ತಂದವರಿಗೆ ತಿಳಿಯದ ಸಂಗತಿಯೇನಾಗಿರಲಿಕ್ಕಿಲ್ಲ.

16ನೆಯ ಶತಮಾನದ ಸುಧಾರಕರು ಇಂತಹ ಸ್ಥಳಗಳನ್ನು ಕೆಡವಿದರು, ಆದರೆ ಸಮಸ್ಯೆಯನ್ನು ಕೆಡವಲಾಗಲಿಲ್ಲ. ಲೂಥರನು ಅಗಸ್ಟೀನನ ಮಾರ್ಗದಲ್ಲೇ ನಡೆದನು. ಕ್ಯಾಲ್ವಿನನು ರಕ್ಷಣೆಯನ್ನು ನೀರಿನಿಂದ ಬಿಡಿಸಿ ದೇವರ ಆಯ್ಕೆಗೆ ಕಟ್ಟಿದನು. ಜ್ಯೂರಿಕ್ ನಗರದ ಜ್ವಿಂಗ್ಲಿಯು ಮೂಲಪಾಪವು ರೋಗವೇ ಹೊರತು ಅಪರಾಧವಲ್ಲವೆಂದು ಬರೆದನು. ಅದೇ ನಗರದಲ್ಲಿ, ತಿಳಿದು ನಂಬುವವರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲುತ್ತದೆ, ಶಿಶುಗಳಿಗೆ ಅದು ಅನಗತ್ಯ ಎಂದು ಸಾರಿದ ಫೆಲಿಕ್ಸ್ ಮಾಂಜನನ್ನು 1527ರ ಜನವರಿಯಲ್ಲಿ ನಗರಸಭೆಯ ಆಜ್ಞೆಯಂತೆ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಅತ್ತ ಕ್ಯಾಥೊಲಿಕ್ ಧರ್ಮಸಭೆಯು ಟ್ರೆಂಟ್ ಪರಿಷತ್ತಿನಲ್ಲಿ 1546ರಲ್ಲಿ, ಮೂಲಪಾಪವು ಅನುಕರಣೆಯಿಂದಲ್ಲ, ವಂಶಪರಂಪರೆಯಿಂದಲೇ ಬರುವುದೆಂದು ಪುನಃ ವಿಧಿಸಿತು. 18ನೆಯ ಶತಮಾನದಲ್ಲಿ ಜಾನ್ ವೆಸ್ಲಿಯು, ಸ್ವಭಾವ ಕೆಟ್ಟಿರುವುದು ನಿಜ, ಆದರೆ ಕೇವಲ ಆದಾಮನ ತಪ್ಪಿಗಾಗಿ ಯಾರೂ ನಿತ್ಯನಾಶಕ್ಕೆ ಗುರಿಯಾಗರು ಎಂದು ಎರಡನ್ನೂ ಹಿಡಿದನು.

ಸಿದ್ಧಾಂತ ಹೀಗೆ ಹೊಯ್ದಾಡುತ್ತಿದ್ದಾಗ ಐರ್ಲೆಂಡಿನ ಹಳ್ಳಿಗಳಲ್ಲಿ ಜ್ಞಾನಸ್ನಾನವಾಗದ ಶಿಶುಗಳನ್ನು ಊರ ಸ್ಮಶಾನದೊಳಗೆ ಹೂಳುವಂತಿರಲಿಲ್ಲ. ಹೊಲದ ಎಲ್ಲೆಯಲ್ಲೋ, ಕಡಲ ದಂಡೆಯಲ್ಲೋ, ಅನೇಕ ವೇಳೆ ರಾತ್ರಿಯ ಹೊತ್ತಿನಲ್ಲಿ, ತಂದೆಯೋ ನೆಂಟರೋ ಒಯ್ದು ಮಣ್ಣುಮಾಡಿ ಹೆಸರಿಲ್ಲದ ಕಲ್ಲೊಂದನ್ನು ಇಟ್ಟು ಬರುತ್ತಿದ್ದರು. 20ನೆಯ ಶತಮಾನದ ಮಧ್ಯಭಾಗದವರೆಗೂ ಇದು ನಡೆಯಿತು.

2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಪೋಪ್ 16ನೆಯ ಬೆನೆಡಿಕ್ಟರ ಅನುಮತಿಯಿಂದ ಒಂದು ದಾಖಲೆಯನ್ನು ಪ್ರಕಟಿಸಿತು. ಲಿಂಬೊ ಎಂದೂ ವಿಧಿಬದ್ಧ ನಂಬಿಕೆಯಾಗಿರಲಿಲ್ಲ. ಇಂತಹ ಶಿಶುಗಳು ರಕ್ಷಣೆ ಹೊಂದುವರೆಂದು ಆಶಿಸಲು ಬಲವಾದ ಕಾರಣಗಳಿವೆ. ಆದರೆ ಇದು ಆಶೆ, ನಿಶ್ಚಿತ ಜ್ಞಾನವಲ್ಲ ಎಂದು ಅದು ಹೇಳಿತು. ಮೂಲಪಾಪದ ಸಿದ್ಧಾಂತವನ್ನು ಅದು ಕೈಬಿಡಲಿಲ್ಲ. ಈ ಆಶೆಗೆ ಅದು ಕೊಟ್ಟ ಆಧಾರಗಳಲ್ಲಿ ಒಂದು ಮಾತ್ರ ಪಂಡಿತರ ವಾದದಿಂದ ಬಂದುದಲ್ಲ. 1970ರ ರೋಮನ್ ಪೂಜಾಗ್ರಂಥದಲ್ಲಿ, ಜ್ಞಾನಸ್ನಾನಕ್ಕೆ ಮುನ್ನವೇ ತೀರಿಕೊಂಡ ಮಗುವಿನ ಅಂತ್ಯಕ್ರಿಯೆಗೆಂದೇ ಒಂದು ಪೂಜಾವಿಧಿಯನ್ನು ಸೇರಿಸಲಾಗಿತ್ತು. ಪಂಡಿತರು ಆಶೆಯನ್ನು ಬರೆಹಕ್ಕಿಳಿಸುವ 37 ವರ್ಷ ಮೊದಲೇ ಪುರೋಹಿತರು ಅಂತಹ ಮಕ್ಕಳ ಶವಪೆಟ್ಟಿಗೆಯ ಬಳಿ ನಿಂತು ಪ್ರಾರ್ಥಿಸತೊಡಗಿದ್ದರು.